ದೋಷ ಹೋಯಿತು, ಕಾರಣ ತಿಳಿಯಿತೆ?

1966ರ ಕೊನೆಯ ಎರಡು ತಿಂಗಳು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಅವರ ‘ಬ್ಲೂಬರ್ಡ್ ಕೆ7’ ದೋಣಿ ಮತ್ತೆ ಮತ್ತೆ ನೀರಿಗಿಳಿಯಿತು. ಬೇಕಾದ ವೇಗ ಮಾತ್ರ ಬರಲಿಲ್ಲ. ನೀರಿನ ಮೇಲಿನ ವೇಗದ ವಿಶ್ವದಾಖಲೆ ಆಗ ಅವರ ಹೆಸರಿನಲ್ಲೇ ಇತ್ತು. 1964ರ ಡಿಸೆಂಬರ್ 31ರಂದು ಪಶ್ಚಿಮ ಆಸ್ಟ್ರೇಲಿಯಾದ ಡಂಬಲ್‌ಯಂಗ್ ಸರೋವರದಲ್ಲಿ ಇದೇ ದೋಣಿಯಲ್ಲಿ ಅವರು ಗಂಟೆಗೆ 276.33 ಮೈಲಿ ಓಡಿದ್ದರು. ಈಗ 300 ಮೈಲಿಯ ಗೆರೆ ದಾಟಬೇಕೆಂದು ಹಳೆಯ ಜೆಟ್ ಎಂಜಿನ್ ತೆಗೆದು, ಇನ್ನೂ ಬಲಶಾಲಿಯಾದ ಬ್ರಿಸ್ಟಲ್ ಸಿಡ್ಲಿ ಆರ್ಫಿಯಸ್ ಎಂಜಿನ್ ಕೂರಿಸಿದ್ದರು. ನ್ಯಾಟ್ ಮತ್ತು ಮಾರುತ್ ಯುದ್ಧವಿಮಾನಗಳಿಗಾಗಿ ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿದ್ದು ಇದೇ ಆರ್ಫಿಯಸ್ ಕುಟುಂಬದ ಎಂಜಿನನ್ನು. ಕಾನಿಸ್ಟನ್ನಿನಲ್ಲಿ ಮಾತ್ರ ದೋಣಿಯ ಎಂಜಿನ್ ತನ್ನ ಪೂರ್ಣ ಶಕ್ತಿ ಕೊಡುತ್ತಿರಲಿಲ್ಲ. ಅದಕ್ಕೆ ಸಾಕಷ್ಟು ಇಂಧನ ತಲುಪುತ್ತಿಲ್ಲ ಎಂಬ ತೀರ್ಮಾನಕ್ಕೆ ತಂಡ ಬಂತು. ಡಿಸೆಂಬರ್ ಕೊನೆಯ ಹೊತ್ತಿಗೆ ಇಂಧನ ವ್ಯವಸ್ಥೆಯನ್ನು ಮಾರ್ಪಡಿಸಿದರು, ಒಂದು ಪಂಪನ್ನೂ ಬದಲಿಸಿದರು. ದೋಷ ಹೋಯಿತು. ಇಲ್ಲಿಗೆ ಯಂತ್ರದ ಕತೆ ಮುಗಿದಂತೆ ಕಾಣುತ್ತದೆ. ತತ್ತ್ವಶಾಸ್ತ್ರದ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಇಂಧನ ತಲುಪದೆ ಇರುವುದನ್ನು ಯಾರೂ ಕಣ್ಣಿನಿಂದ ನೋಡಿರಲಿಲ್ಲ. ಕಂಡದ್ದು ವೇಗ ಬಾರದಿರುವುದು, ಊಹಿಸಿದ್ದು ಇಂಧನದ ಕೊರತೆ. ಕಾಣುವ ಪರಿಣಾಮದಿಂದ ಕಾಣದ ಕಾರಣಕ್ಕೆ ಹಾರುವ ಈ ನೆಗೆತವನ್ನು ‘ಜ್ಞಾನ’ ಎಂದು ಕರೆಯಲು ನಮಗೆ ಯಾವ ಅಧಿಕಾರವಿದೆ? ದೋಷ ಹೋದ ಮಾತ್ರಕ್ಕೆ ಕಾರಣ ತಿಳಿಯಿತು ಎನ್ನಬಹುದೆ?

ಈ ಪ್ರಶ್ನೆಯನ್ನು ಭಾರತದ ದರ್ಶನಗಳು ಎಂಜಿನ್ ಎಂಬುದೇ ಇಲ್ಲದ ಕಾಲದಲ್ಲಿ ತುಂಬ ಗಂಭೀರವಾಗಿ ಎತ್ತಿಕೊಂಡವು. ಗೌತಮರ ನ್ಯಾಯಸೂತ್ರ ಅನುಮಾನವನ್ನು, ಅಂದರೆ ಕುರುಹಿನಿಂದ ಕಾಣದ್ದನ್ನು ತಿಳಿಯುವುದನ್ನು, ಮೂರು ಬಗೆಯಾಗಿ ವಿಂಗಡಿಸುತ್ತದೆ. ಅದರಲ್ಲಿ ‘ಶೇಷವತ್’ ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಎರಡು ಅರ್ಥ ಕೊಡುತ್ತಾನೆ. ಕಾರ್ಯದಿಂದ ಕಾರಣವನ್ನು ತಿಳಿಯುವುದು ಒಂದು. ಇರಬಹುದಾದ ಎಲ್ಲ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ ಉಳಿದದ್ದನ್ನು ಹಿಡಿಯುವುದು ಇನ್ನೊಂದು. ಮೊದಲನೆಯದಕ್ಕೆ ಅವನ ಉದಾಹರಣೆ ನದಿ: ನೀರು ತುಂಬಿ ಹರಿಯುವುದನ್ನು ಕಂಡು, ಮೇಲೆ ಎಲ್ಲೋ ಮಳೆಯಾಗಿದೆ ಎಂದು ತಿಳಿಯುತ್ತೇವೆ. ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿ ಇದೇ ಉದಾಹರಣೆಯ ಬುಡಕ್ಕೆ ಕೈಹಾಕುತ್ತಾನೆ. ನದಿಗೆ ಕೆಳಗೆ ಅಡ್ಡಗಟ್ಟಿದರೂ ನೀರು ಏರುತ್ತದೆಯಲ್ಲ? ಇರುವೆಗಳು ಮೊಟ್ಟೆ ಹೊತ್ತು ಸಾಗಿದರೆ ಮಳೆ ಬರುತ್ತದೆ ಎನ್ನುತ್ತೀರಿ. ಗೂಡು ಕೆಡಿಸಿದರೂ ಅವು ಹಾಗೆಯೇ ಸಾಗುತ್ತವೆಯಲ್ಲ? ನವಿಲಿನ ಕೂಗನ್ನೂ ಕುರುಹಾಗಿ ಹಿಡಿಯುತ್ತೀರಿ. ಅದನ್ನು ಮನುಷ್ಯನೂ ಅನುಕರಿಸಬಹುದಲ್ಲ? ಒಂದೇ ಕಾರ್ಯಕ್ಕೆ ಹಲವು ಕಾರಣಗಳಿರುವಾಗ ಕಾರ್ಯವನ್ನು ಕಂಡು ಕಾರಣವನ್ನು ಹೇಳುವುದು ಹೇಗೆ? ಸಿದ್ಧಾಂತಿಯ ಉತ್ತರ ನನಗೆ ಭಾರತೀಯ ತರ್ಕದ ಅತ್ಯಂತ ಬೆಲೆಬಾಳುವ ಮಾತುಗಳಲ್ಲಿ ಒಂದಾಗಿ ಕಾಣುತ್ತದೆ. ಬರಿಯ ನೀರಿನ ಏರಿಕೆಯಿಂದ ಮಳೆಯನ್ನು ಊಹಿಸುವುದಿಲ್ಲ ಎನ್ನುತ್ತಾನೆ ಅವನು. ಹರಿವಿನ ರಭಸ, ನೊರೆ, ತೇಲಿಬರುವ ಎಲೆ, ಹಣ್ಣು, ಕಟ್ಟಿಗೆ ಇವೆಲ್ಲ ಕೂಡಿದ ಏರಿಕೆಯಿಂದ ಊಹಿಸುತ್ತೇವೆ. ಅಡ್ಡಗಟ್ಟಿದ ನೀರು ಹೀಗೆ ಏರುವುದಿಲ್ಲ. ಅಂದರೆ, ಕಾರಣಗಳು ಹಲವೆಂದು ತೋರುವುದು ಕಾರ್ಯವನ್ನು ನಾವು ಒರಟಾಗಿ ಹೆಸರಿಸಿದಾಗ. ಕಾರ್ಯವನ್ನು ಸೂಕ್ಷ್ಮವಾಗಿ ಓದಿದಷ್ಟೂ ಅದಕ್ಕೆ ಹೊಂದುವ ಕಾರಣಗಳ ಸಂಖ್ಯೆ ಕುಗ್ಗುತ್ತದೆ. ಈ ಪ್ರಬಂಧದ ವಾದ ಇಷ್ಟೇ: ಕಾಣದ ಕಾರಣ ನಮಗೆ ತಿಳಿಯುವುದು ನಂಬಿಕೆ ಗಟ್ಟಿಯಾಗುವುದರಿಂದಲ್ಲ, ಕುರುಹಿನ ಓದು ಸೂಕ್ಷ್ಮವಾಗುವುದರಿಂದ, ಮತ್ತು ಆ ಓದನ್ನು ಬಿಟ್ಟು ಸಿಕ್ಕ ಗೆಲುವನ್ನು ಜ್ಞಾನವೆಂದು ಕರೆಯಬಾರದು.

ಇದನ್ನು ಇಂದಿನ ಒಂದು ವೇಗದ ದೋಣಿಯ ಪೆಟ್ರೋಲ್ ಎಂಜಿನ್ನಿನ ಮೇಲೆ ಇಟ್ಟು ನೋಡಬಹುದು. 500 ಅಶ್ವಶಕ್ತಿಯ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 150 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ನಿಧಾನವಾಗಿ ತಿರುಗುವಾಗ ಕೆಲವೇ ಲೀಟರ್ ಸಾಕು. ಆದ್ದರಿಂದ ದಡದಲ್ಲಿ ನಿಂತು ಎಂಜಿನ್ ಚಾಲೂ ಮಾಡಿ ‘ಚೆನ್ನಾಗಿದೆ’ ಎನ್ನುವುದು ಏನನ್ನೂ ಸಾಧಿಸುವುದಿಲ್ಲ. ಇಂಧನದ ದಾರಿಯ ಇಕ್ಕಟ್ಟು ಬಯಲಾಗುವುದು ಬೇಡಿಕೆ ತುದಿ ಮುಟ್ಟಿದಾಗಲೇ. ‘ವೇಗ ಬರುತ್ತಿಲ್ಲ’ ಎಂಬುದು ಒರಟು ಹೆಸರು. ‘ನದಿ ಏರಿದೆ’ ಎಂದಷ್ಟೇ ಅದರ ಬೆಲೆ. ಎಂಜಿನ್ನಿನ ಸುತ್ತು ಏರುತ್ತಿದ್ದು ದೋಣಿ ಮಾತ್ರ ಮುಂದೆ ಸಾಗದಿದ್ದರೆ ಸಂಶಯ ಪ್ರೊಪೆಲ್ಲರ್ ಕಡೆಗೆ ಹೋಗಬೇಕು. ಸುತ್ತೇ ಕುಸಿದರೆ ಎಂಜಿನ್ ಕಡೆಗೆ. ಅದು ತಟಕ್ಕನೆ ಸತ್ತರೆ ಕಿಡಿಯ ದೋಷ, ಮೆಲ್ಲಗೆ ಸೊರಗಿದರೆ ಇಂಧನದ ದೋಷ ಎಂಬ ಮಾತು ಮೆಕ್ಯಾನಿಕ್‌ಗಳಲ್ಲಿ ಬಳಕೆಯಲ್ಲಿದೆ. ಅದು ಸಂಶಯಕ್ಕೆ ಸಾಕು, ನಿರ್ಣಯಕ್ಕೆ ಸಾಲದು. ಏಕೆಂದರೆ ಬಿಸಿಯಾದ ಇಗ್ನಿಷನ್ ಕಾಯಿಲ್ ಕೂಡ ಎಂಜಿನ್ನನ್ನು ಸೊರಗಿಸಬಲ್ಲದು. ನೈಯಾಯಿಕರ ಭಾಷೆಯಲ್ಲಿ ಇದು ಸವ್ಯಭಿಚಾರ ಹೇತು: ಸಾಧಿಸಬೇಕಾದದ್ದು ಇದ್ದಲ್ಲೂ ಈ ಕುರುಹು ಇರುತ್ತದೆ, ಇಲ್ಲದಲ್ಲೂ ಇರುತ್ತದೆ. ಕಾರ್ಬ್ಯುರೇಟರ್ ಇರುವ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಕೆಲವು ಸೆಕೆಂಡು ಸರಿಯಾಗಿ ಓಡಿ, ಬಳಿಕ ಸೊರಗಿ, ಥ್ರಾಟಲ್ ಇಳಿಸಿದರೆ ಚೇತರಿಸಿಕೊಂಡು, ಮತ್ತೆ ಏರಿಸಿದರೆ ಮತ್ತೆ ಅಷ್ಟೇ ಹೊತ್ತಿಗೆ ಸೊರಗಿತು ಎನ್ನಿ. ಆಗ ಕುರುಹಿಗೆ ನೊರೆಯೂ ಎಲೆಯೂ ಸೇರಿದಂತೆ. ಕಾರ್ಬ್ಯುರೇಟರಿನ ಸಣ್ಣ ಬಟ್ಟಲಿನಲ್ಲಿದ್ದ ಪೆಟ್ರೋಲ್ ಮುಗಿಯುವಷ್ಟು ಹೊತ್ತು ಶಕ್ತಿ, ಬಟ್ಟಲು ಮತ್ತೆ ತುಂಬುವಷ್ಟು ಹೊತ್ತು ವಿಶ್ರಾಂತಿ. ಈ ಲಯ ಹರಿವಿನ ಕೊರತೆಗೆ ಹೊಂದುವಷ್ಟು ಬೇರೆ ಕಾರಣಗಳಿಗೆ ಹೊಂದುವುದಿಲ್ಲ.

‘ಹರಿವು ಸಾಲದು’ ಎಂಬುದೂ ಇನ್ನೂ ಒರಟೇ. ದೋಣಿಯಲ್ಲಿ ಟ್ಯಾಂಕ್ ಸಾಮಾನ್ಯವಾಗಿ ಎಂಜಿನ್ನಿನ ಪಂಪಿಗಿಂತ ತಗ್ಗಿನಲ್ಲಿ, ದೂರದಲ್ಲಿ ಇರುತ್ತದೆ. ಪಂಪ್ ಪೆಟ್ರೋಲನ್ನು ಹೀರಿ ಎತ್ತಬೇಕು. ಆ ದಾರಿಯಲ್ಲಿ ಟ್ಯಾಂಕಿನ ಗಾಳಿರಂಧ್ರ, ಹೀರು ಕೊಳವೆ, ಕೊಳವೆ ಒಡೆದರೆ ಟ್ಯಾಂಕಿನ ಪೆಟ್ರೋಲ್ ತಾನಾಗಿ ಹರಿದು ದೋಣಿಯೊಳಗೆ ತುಂಬದಂತೆ ತಡೆಯುವ ಆ್ಯಂಟಿ-ಸೈಫನ್ ಕವಾಟ, ಹೋಸ್, ನೀರು ಬೇರ್ಪಡಿಸುವ ಫಿಲ್ಟರ್, ಕೊನೆಗೆ ಪಂಪ್ ಇವೆ. ಪಂಪಿನ ಬಾಯಿಯಲ್ಲಿ ನಿರ್ವಾತ ಅಳೆಯುವ ಗೇಜ್, ಪಂಪಿನ ಆಚೆ ಒತ್ತಡ ಅಳೆಯುವ ಗೇಜ್, ಹೀರುವ ಬದಿಯಲ್ಲಿ ಒಂದು ತುಂಡು ಪಾರದರ್ಶಕ ಹೋಸ್ ಇಟ್ಟು ದೋಣಿಯನ್ನು ಪೂರ್ತಿ ವೇಗದಲ್ಲಿ ಓಡಿಸಿದರೆ ಈ ಸರಪಳಿ ಮಾತಾಡತೊಡಗುತ್ತದೆ. ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ ಪಾದರಸದ 2ರಿಂದ 2.5 ಇಂಚಿನಷ್ಟು ನಿರ್ವಾತ. ಅದಕ್ಕಿಂತ ತುಂಬ ಹೆಚ್ಚಿದ್ದು ಒತ್ತಡ ಕುಸಿದಿದ್ದರೆ ಪಂಪಿಗೆ ಮುಂಚಿನ ದಾರಿಯಲ್ಲಿ ಅಡ್ಡಿ ಇದೆ. ನಿರ್ವಾತ ಕಡಿಮೆಯಿದ್ದು ಹೋಸಿನಲ್ಲಿ ಗುಳ್ಳೆ ಓಡುತ್ತಿದ್ದರೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ. ಹೀರುವ ಬದಿಯ ಬಿರುಕು ಪೆಟ್ರೋಲನ್ನು ಹೊರಗೆ ಸುರಿಸುವ ಬದಲು ಗಾಳಿಯನ್ನು ಒಳಗೆಳೆಯುವುದರಿಂದ ನೆಲದ ಮೇಲೆ ಅದರ ಕಲೆ ಕಾಣುವುದಿಲ್ಲ. ನಿರ್ವಾತವೂ ಕಡಿಮೆ, ಗುಳ್ಳೆಯೂ ಇಲ್ಲ, ಒತ್ತಡ ಮಾತ್ರ ಕುಸಿದಿದೆ ಎಂದಾದರೆ ಪಂಪೇ ಸೊರಗಿದೆ. ಎರಡೂ ಗೇಜ್ ಸರಿಯಾಗಿದ್ದರೆ ಈ ದಾರಿಯನ್ನು ಬಿಟ್ಟು ಇಂಜೆಕ್ಟರ್ ಅಥವಾ ಕಿಡಿಯ ಕಡೆ ನೋಡಬೇಕು. ವಾತ್ಸ್ಯಾಯನ ಹೇಳಿದ ಶೇಷವತ್‌ನ ಎರಡು ಅರ್ಥಗಳೂ ಇಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ಕಾರ್ಯದಿಂದ ಕಾರಣಕ್ಕೆ ಹೋಗುವ ದಾರಿ, ಉಳಿದ ಕಾರಣಗಳನ್ನು ಕಳೆಯುತ್ತ ಹೋಗುವ ದಾರಿಯೇ ಆಗಿದೆ.

ಇಷ್ಟು ಓದಿದ ಮೇಲೂ ಒಂದು ಹೆಜ್ಜೆ ಬಾಕಿಯಿದೆ. ಕಾರಣವಿದ್ದಾಗ ಕಾರ್ಯವಿದೆ ಎಂದು ಕಂಡರೆ ಸಾಲದು, ಕಾರಣವಿಲ್ಲದಾಗ ಕಾರ್ಯವೂ ಇಲ್ಲವೆಂದು ಕಾಣಬೇಕು. ಅನ್ವಯದ ಜೊತೆ ವ್ಯತಿರೇಕವೂ ಬೇಕು. ದೋಣಿಯ ಟ್ಯಾಂಕನ್ನೂ ಹೋಸನ್ನೂ ಬಿಟ್ಟು, ಸರಿಯಾಗಿದೆಯೆಂದು ಗೊತ್ತಿರುವ ಬೇರೆ ಸಣ್ಣ ಟ್ಯಾಂಕಿನಿಂದ, ಗಾಳಿಯಾಡುವ ಕಡೆ ಎಚ್ಚರದಿಂದ ಜೋಡಿಸಿ ಓಡಿಸುವುದು ಇದೇ. ಹಾಗೆ ಓಡಿಸಿದಾಗ ಸೊರಗುವಿಕೆ ಹೋಯಿತು, ಹಳೆಯ ದಾರಿಗೆ ಮರಳಿ ಜೋಡಿಸಿದಾಗ ಅದು ಮರಳಿ ಬಂತು ಎಂದಾದರೆ, ದೋಷ ಆ ದಾರಿಯಲ್ಲಿದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಈ ‘ಮರಳಿ ಜೋಡಿಸುವ’ ಹೆಜ್ಜೆಯನ್ನೇ ಜನ ಹೆಚ್ಚಾಗಿ ಬಿಡುತ್ತಾರೆ. ಬಿಟ್ಟರೆ ಒಳನುಗ್ಗುವುದು ನೈಯಾಯಿಕರು ‘ಉಪಾಧಿ’ ಎಂದು ಹೆಸರಿಟ್ಟ ದೋಷ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ತಂದದ್ದು ಹಸಿ ಕಟ್ಟಿಗೆಯ ಸಂಪರ್ಕ, ಆರೋಪ ಹೊತ್ತದ್ದು ಬೆಂಕಿ. ಹಾಗೆಯೇ ಫಿಲ್ಟರ್ ಬದಲಿಸಿದ ಕೂಡಲೇ ಎಂಜಿನ್ ಸರಿಯಾಗಿ ಓಡಿತು ಎನ್ನುವಾಗ ಅದರ ಜೊತೆಗೆ ಬೇರೇನೇನು ನಡೆದಿತ್ತು ಎಂದು ಕೇಳಬೇಕು. ಎಂಜಿನ್ ತಣ್ಣಗಾಗಿತ್ತು, ಬಿಸಿಗೂ ಹೀರುವಿಕೆಗೂ ಸಿಕ್ಕಿ ಕೊಳವೆಯಲ್ಲಿ ಆವಿಯಾಗಿದ್ದ ಪೆಟ್ರೋಲ್ ಮತ್ತೆ ದ್ರವವಾಗಿತ್ತು. ಯಾರೋ ಟ್ಯಾಂಕಿನ ಮುಚ್ಚಳ ತೆಗೆದಿದ್ದರು; ಗಾಳಿರಂಧ್ರ ಮುಚ್ಚಿಕೊಂಡು ಒಳಗೆ ಹುಟ್ಟಿದ್ದ ನಿರ್ವಾತ ಅದರಿಂದ ಕಳೆದಿತ್ತು. ಹಳೆಯ ಹೋಸಿನ ಒಳಪದರ ಸಡಿಲವಾಗಿದ್ದರೆ ಹೀರುವಾಗ ಅದು ಒಳಕ್ಕೆ ಮಡಚಿ ದಾರಿ ಮುಚ್ಚುತ್ತದೆ, ಎಂಜಿನ್ ನಿಂತೊಡನೆ ತೆರೆದುಕೊಳ್ಳುತ್ತದೆ. ಅದೂ ಕೈ ತಾಗಿ ಸರಿದಿರಬಹುದು. ಫಿಲ್ಟರ್ ಕಾರಣ ಎನ್ನುವ ಮುಂಚೆ ಇವಿಷ್ಟನ್ನೂ ಬೇರ್ಪಡಿಸಬೇಕು.

ಇಲ್ಲಿ ವ್ಯವಹಾರಸ್ಥನ ಆಕ್ಷೇಪ ಬರುತ್ತದೆ, ಅದನ್ನು ಹಗುರಾಗಿ ತಳ್ಳಲಾಗದು. ದೋಣಿ ಓಡುತ್ತಿದೆ, ಇನ್ನು ಕಾರಣ ತಿಳಿದರೇನು, ಬಿಟ್ಟರೇನು? ಈ ಮಾತಿಗೆ ನ್ಯಾಯದರ್ಶನದಲ್ಲೇ ಬೆಂಬಲ ಇರುವಂತಿದೆ. ಪ್ರಮಾಣದಿಂದ, ಅಂದರೆ ನಂಬಬಹುದಾದ ಅರಿವಿನ ಸಾಧನದಿಂದ, ಬಂದ ಅರಿವು ಸಫಲವಾದ ಪ್ರವೃತ್ತಿಗೆ ದಾರಿಮಾಡುತ್ತದೆ, ಆ ಸಾಫಲ್ಯದಿಂದ ಪ್ರಮಾಣದ ಸಾರ್ಥಕತೆ ತಿಳಿಯುತ್ತದೆ ಎಂದೇ ವಾತ್ಸ್ಯಾಯನ ತನ್ನ ಭಾಷ್ಯವನ್ನು ಆರಂಭಿಸುತ್ತಾನೆ. ಬಾಯಾರಿದವನು ನೀರೆಂದು ತಿಳಿದು ಹೋಗಿ ಕುಡಿದರೆ ಅವನ ತಿಳಿವು ಸರಿ. ಆದರೆ ಸಾಫಲ್ಯವೊಂದೇ ಜ್ಞಾನದ ಗುರುತಾಗಲಾರದು ಎಂಬುದನ್ನೂ ನಮ್ಮ ಪರಂಪರೆ ಬೇಗನೆ ಕಂಡುಕೊಂಡಿತು. 8ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಒಂದು ಸನ್ನಿವೇಶ ಕೊಡುತ್ತಾನೆ: ಮಾಂಸ ಸುಡಲು ಆಗಷ್ಟೇ ಹೊತ್ತಿಸಿದ ಬೆಂಕಿಯಿಂದ ಇನ್ನೂ ಹೊಗೆ ಎದ್ದಿಲ್ಲ, ಅಲ್ಲಿ ಮುತ್ತಿದ ಹುಳುಗಳ ಕಪ್ಪು ಹಿಂಡನ್ನು ದೂರದವನೊಬ್ಬ ಹೊಗೆಯೆಂದು ಭ್ರಮಿಸಿ ಬೆಂಕಿಯಿದೆ ಎಂದು ತೀರ್ಮಾನಿಸುತ್ತಾನೆ. ಬೆಂಕಿ ಇದೆ, ಹೋದರೆ ಸಿಗುತ್ತದೆ, ಆದರೂ ಅದು ಜ್ಞಾನವಲ್ಲ. 12ನೇ ಶತಮಾನದ ಶ್ರೀಹರ್ಷ ‘ಖಂಡನಖಂಡಖಾದ್ಯ’ದಲ್ಲಿ ಮುಚ್ಚಿದ ಮುಷ್ಟಿಯಲ್ಲಿ ಎಷ್ಟು ಕವಡೆಗಳಿವೆ ಎಂದು ಕೇಳಿದಾಗ ‘ಐದು’ ಎಂದು ಸುಮ್ಮನೆ ಹೇಳಿ ಅದು ನಿಜವಾಗಿಬಿಡುವುದನ್ನು ಉದಾಹರಿಸುತ್ತಾನೆ. ಪಂಪ್, ಫಿಲ್ಟರ್, ಕಾಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ ದೋಣಿ ಓಡಿಸಿದವನು ಕವಡೆಯ ಸಂಖ್ಯೆ ಊಹಿಸಿ ಗೆದ್ದವನು. ಗೆಲುವು ಅವನದೇ, ಅರಿವು ಅವನದಲ್ಲ. ಈ ವ್ಯತ್ಯಾಸ ಪಂಡಿತರ ಹಟವಲ್ಲ. ಕಾರಣ ತಿಳಿಯದೆ ಹೋದ ದೋಷ ಹಿಂತಿರುಗುವಾಗ ದಡದಲ್ಲಿ ಬರುವುದಿಲ್ಲ, ಬೇಡಿಕೆ ತುದಿ ಮುಟ್ಟಿದ ನಡುನೀರಿನಲ್ಲಿ ಬರುತ್ತದೆ. ಪೂರ್ತಿ ಹೊರೆಯಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಾದ ಮಿಶ್ರಣ ಉರಿದರೆ ಪಿಸ್ಟನ್ನೇ ಕರಗಬಹುದು. ಕಾನಿಸ್ಟನ್ನಿನ ತಂಡದ ಪ್ರಸಂಗದಲ್ಲಿ ದಾಖಲೆ ವ್ಯವಸ್ಥೆಯ ಮಾರ್ಪಾಡನ್ನೂ ಪಂಪಿನ ಬದಲಾವಣೆಯನ್ನೂ ಒಟ್ಟಿಗೆ ಹೇಳುತ್ತದೆ. ಇಂಧನದ ಕೊರತೆ ಇತ್ತು ಎಂಬುದನ್ನು ಆ ಬಳಿಕ ಬಂದ ವೇಗ ಸಮರ್ಥಿಸುತ್ತದೆ. ಎರಡರಲ್ಲಿ ಯಾವುದು ಕೊರತೆಯನ್ನು ನೀಗಿತು ಎಂಬುದನ್ನು ವೇಗ ಒಂದೇ ಹೇಳಲಾರದು.

ಇನ್ನೂ ಆಳವಾದ ಆಕ್ಷೇಪ ಅನುಮಾನವನ್ನೇ ಪ್ರಶ್ನಿಸುವ ಚಾರ್ವಾಕರದು. ನೀವು ಎಷ್ಟೇ ಗೇಜ್ ಇಟ್ಟರೂ ‘ಅಡ್ಡಿಯಿದ್ದಲ್ಲೆಲ್ಲ ನಿರ್ವಾತ ಏರುತ್ತದೆ’ ಎಂಬ ವ್ಯಾಪ್ತಿಯನ್ನು ಕಂಡವರಾರು? ಕಂಡದ್ದು ಕೆಲವು ಸಲ, ಹೇಳುವುದು ಎಲ್ಲ ಸಲಕ್ಕೆ. ಕಾಣದ ಉಪಾಧಿಯೊಂದು ಅಡಗಿಲ್ಲ ಎಂದು ಹೇಗೆ ಗೊತ್ತು? ಜಯರಾಶಿ ಭಟ್ಟನ ‘ತತ್ತ್ವೋಪಪ್ಲವಸಿಂಹ’ ಇಂಥ ಪ್ರಶ್ನೆಗಳಿಂದ ಎಲ್ಲ ಪ್ರಮಾಣಗಳ ತಳವನ್ನೂ ಅಲುಗಿಸುತ್ತದೆ. 18ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ಡೇವಿಡ್ ಹ್ಯೂಮ್ ಬೇರೆ ದಾರಿಯಿಂದ ಇದೇ ಸಂಶಯಕ್ಕೆ ಬಂದ. ಗೇಜಿನ ವಿಷಯದಲ್ಲಂತೂ ಸಂಶಯ ಸರಪಳಿಯಾಗಿ ಬೆಳೆಯುತ್ತದೆ. ಎಂಜಿನ್ನನ್ನು ಗೇಜಿನಿಂದ ಪರೀಕ್ಷಿಸಿದಿರಿ, ಗೇಜನ್ನು ಇನ್ನೊಂದು ಗೇಜಿನಿಂದ, ಅದನ್ನು ಯಾವುದರಿಂದ? ನೈಯಾಯಿಕ ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯಲ್ಲಿ ಕೊಟ್ಟ ಉತ್ತರದ ಸಾರ ಇದು: ಸಂಶಯಕ್ಕೆ ಒಂದು ಎಲ್ಲೆಯಿದೆ, ಸಂಶಯಿಸುವವನ ನಡತೆಯೇ ಅವನ ಸಂಶಯವನ್ನು ವಿರೋಧಿಸುವ ಜಾಗವೇ ಆ ಎಲ್ಲೆ. ಶ್ರೀಹರ್ಷ ಈ ಉತ್ತರವನ್ನೇ ತಿರುಗಿಸಿ ಕೆಣಕಿದ. ಬಳಿಕ ಇನ್ನೊಬ್ಬ ನೈಯಾಯಿಕ ಗಂಗೇಶ ‘ತತ್ತ್ವಚಿಂತಾಮಣಿ’ಯಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ. ಹೊಗೆ ಬೇಕಾದವನು ತಪ್ಪದೆ ಬೆಂಕಿಯನ್ನೇ ಹುಡುಕುತ್ತಾನೆ, ಹಸಿದವನು ಅನ್ನವನ್ನೇ. ಬೆಂಕಿಯಿಲ್ಲದೆಯೂ ಹೊಗೆ ಬರಬಹುದೆಂಬ ಸಂಶಯ ಅವನಲ್ಲಿ ನಿಜವಾಗಿ ಇದ್ದರೆ ಅವನು ಹಾಗೆ ನಡೆಯುತ್ತಿರಲಿಲ್ಲ ಎಂಬುದು ಗಂಗೇಶನ ವಾದ. ಮೊದಲ ಓದಿಗೆ ಇದು ‘ನಡೆದುಹೋಗುತ್ತದೆ ಬಿಡಿ’ ಎಂಬ ಜಾರಿಕೆಯಂತೆ ತೋರಬಹುದು. ಹಾಗಲ್ಲ. ಪ್ರತಿ ಸಂಶಯಕ್ಕೂ ಒಂದು ನಿರ್ದಿಷ್ಟ ಆಧಾರ ಬೇಕು ಎಂಬುದು ಅದರ ತಿರುಳು. ‘ಈ ಗೇಜ್ ಕಳೆದ ಸಲ ಬೇರೆ ಅಂಕಿ ತೋರಿತ್ತು’ ಎಂಬುದು ಸಂಶಯಕ್ಕೆ ಆಧಾರ. ಆಗ ಅದನ್ನು ಪರೀಕ್ಷಿಸಬೇಕು. ‘ಗೇಜುಗಳು ತಪ್ಪಬಹುದಲ್ಲ’ ಎಂಬುದು ಆಧಾರವಲ್ಲ. ಅದು ಪರೀಕ್ಷೆಗೆ ಏನನ್ನೂ ಒಪ್ಪಿಸುವುದಿಲ್ಲ.

ಕನ್ನಡ ನಾಡಿನ ದ್ವೈತ ಪರಂಪರೆ ಇದೇ ಗಂಟನ್ನು ಬೇರೆ ತುದಿಯಿಂದ ಬಿಡಿಸುತ್ತದೆ. ಮಧ್ವರ ಮತದಲ್ಲಿ ಜ್ಞಾನದ ಪ್ರಾಮಾಣ್ಯ ಹೊರಗಿನಿಂದ ಬರುವಂಥದಲ್ಲ, ಆತ್ಮದ ಒಳಅರಿವಾದ ‘ಸಾಕ್ಷಿ’ಯೇ ಅದನ್ನು ಗ್ರಹಿಸುತ್ತದೆ; ದೋಷದ ಶಂಕೆ ಎದ್ದಾಗ ಮಾತ್ರ ಪರೀಕ್ಷೆ ಬೇಕು, ಶಂಕೆ ಹೋದ ಕಡೆ ಪರೀಕ್ಷೆಯೂ ನಿಲ್ಲುತ್ತದೆ. ವಿಜಯನಗರದ ಕಾಲದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ಗಂಗೇಶನ ಪಂಥದೊಡನೆ ನಡೆಸಿದ ವಾದದ ಹಿಂದೆ ಈ ನಿಲುವಿದೆ. ನೈಯಾಯಿಕರೂ ದ್ವೈತಿಗಳೂ ಪ್ರಾಮಾಣ್ಯದ ಮೂಲದ ಬಗ್ಗೆ ಒಪ್ಪದಿದ್ದರೂ, ಪರೀಕ್ಷೆ ಶಂಕೆಯಿಂದ ಹುಟ್ಟಬೇಕು ಮತ್ತು ಶಂಕೆಯೊಡನೆ ಮುಗಿಯಬೇಕು ಎಂಬ ಶಿಸ್ತಿನಲ್ಲಿ ಹತ್ತಿರವಾಗುತ್ತಾರೆ. ನ್ಯಾಯಸೂತ್ರ ತನ್ನ ಹದಿನಾರು ಪದಾರ್ಥಗಳ ಪಟ್ಟಿಯಲ್ಲಿ ಸಂಶಯಕ್ಕೂ ಜಾಗ ಕೊಟ್ಟಿರುವುದು ಇದಕ್ಕೇ ಇರಬೇಕು. ಸಂಶಯವಿಲ್ಲದವನು ಪರೀಕ್ಷಿಸುವುದಿಲ್ಲ, ಸಂಶಯವನ್ನು ಎಲ್ಲೆಂದರಲ್ಲಿ ಹರಡಿದವನು ಪರೀಕ್ಷೆಯನ್ನು ಮುಗಿಸುವುದಿಲ್ಲ. ಗೇಜು ಹಿಡಿದು ನಿಂತವನಿಗೆ ಬೇಕಾದದ್ದು ಇವೆರಡರ ನಡುವಿನ ಹದ. ಚಾರ್ವಾಕನಿಗೆ ಕೊಡಬೇಕಾದ ಮರ್ಯಾದೆ ಏನೆಂದರೆ, ಅವನು ಎಚ್ಚರಿಸಿದ ಉಪಾಧಿಗಳನ್ನು ಒಂದೊಂದಾಗಿ ಹೆಸರಿಸಿ ಪರೀಕ್ಷಿಸುವುದು. ಹೆಸರಿಸಲಾಗದ ಉಪಾಧಿಗೆ ಹೆದರಿ ನಿಲ್ಲುವುದಲ್ಲ.

ಮೂರನೆಯ ಆಕ್ಷೇಪ ಅತಿ ಕಠಿಣ. ಮತ್ತೆ ಮತ್ತೆ ಓಡಿಸಿ ನೋಡಬಹುದಾದ ಎಂಜಿನ್ನಿಗೆ ಈ ವಿಧಾನ ಸರಿ. ಒಮ್ಮೆ ಮಾತ್ರ ನಡೆದುಹೋದದ್ದಕ್ಕೆ ಏನು? 1967ರ ಜನವರಿ 4ರಂದು ಬ್ಲೂಬರ್ಡ್ ಮೊದಲ ಓಟದಲ್ಲಿ ಗಂಟೆಗೆ ಸರಾಸರಿ 297.6 ಮೈಲಿ ತಲುಪಿತು. ದಾಖಲೆಗೆ ಎರಡೂ ದಿಕ್ಕಿನ ಓಟ ಬೇಕು. ಕ್ಯಾಂಪ್‌ಬೆಲ್ ಮತ್ತೆ ಇಂಧನ ತುಂಬದೆ, ಮೊದಲ ಓಟದ ಅಲೆ ತಗ್ಗಲು ಕಾಯದೆ ತಕ್ಷಣ ಹಿಂತಿರುಗಿದರು. ವೇಗ 328 ಮೈಲಿಯವರೆಗೆ ಏರಿ ಬಳಿಕ ಇಳಿಯಿತು; ದೋಣಿಯ ಮೂತಿ ಮೇಲೆದ್ದು, ದೋಣಿ ಪಲ್ಟಿ ಹೊಡೆದು ನೀರಿಗಪ್ಪಳಿಸಿತು; ಕ್ಯಾಂಪ್‌ಬೆಲ್ ಅಲ್ಲೇ ತೀರಿಕೊಂಡರು. ಕಾರಣವೆಂದು ಹಲವು ಸಂಗತಿಗಳು ಚರ್ಚೆಗೆ ಬಂದವು. ತನ್ನದೇ ಅಲೆಗೆ ಸಿಕ್ಕು ದೋಣಿ ಕುಪ್ಪಳಿಸಿತು ಎಂಬುದು ಒಂದು. ಎಂಜಿನ್ ಆರಿಹೋಗಿ, ಮೂತಿಯನ್ನು ತಗ್ಗಿಸಿ ಹಿಡಿಯುತ್ತಿದ್ದ ನೂಕುಬಲ ಇಲ್ಲವಾಯಿತು ಎಂಬುದು ಇನ್ನೊಂದು. ಎರಡನೆಯದಕ್ಕೆ ಆಧಾರ ಚಿತ್ರೀಕರಣ: ಮೂತಿ ಎದ್ದು ಜೆಟ್ಟಿನ ಬಾಯಿ ನೀರಿನತ್ತ ತಿರುಗಿದಾಗಲೂ ನೀರಿನಲ್ಲಿ ಕಲಕಾಟ ಕಾಣುವುದಿಲ್ಲ. ಇಲ್ಲದ್ದನ್ನು ಸಾಕ್ಷಿಯಾಗಿ ಹಿಡಿಯುವುದಕ್ಕೆ ನಮ್ಮ ದಾರ್ಶನಿಕರು ಒಂದು ಕಟ್ಟುಪಾಡು ವಿಧಿಸಿದ್ದಾರೆ. ಇದ್ದಿದ್ದರೆ ಕಾಣಲೇಬೇಕಾಗಿದ್ದದ್ದು ಕಾಣದಿದ್ದಾಗ ಮಾತ್ರ ಕಾಣದಿರುವಿಕೆ ಪ್ರಮಾಣವಾಗುತ್ತದೆ, ಅದು ಯೋಗ್ಯಾನುಪಲಬ್ಧಿ. ಕತ್ತಲಲ್ಲಿ ಮಡಕೆ ಕಾಣದಿದ್ದರೆ ಮಡಕೆ ಇಲ್ಲ ಎನ್ನಲಾಗದು. ಹಾಗಾದರೆ ಇಲ್ಲಿ ಕೇಳಬೇಕಾದ್ದು, ಎಂಜಿನ್ ಪೂರ್ಣ ಬಲದಲ್ಲಿದ್ದರೆ ಆ ದೂರದಿಂದ, ಆ ಫಿಲಂನಲ್ಲಿ, ನೀರಿನ ಕಲಕಾಟ ಕಾಣಲೇಬೇಕಿತ್ತೆ ಎಂದು. ಅಷ್ಟು ಬಲದ ಜೆಟ್ ನೀರಿಗೆ ಎದುರಾದರೆ ಅದು ಕಾಣಬೇಕಿತ್ತು ಎನ್ನುವುದು ನ್ಯಾಯವಾದ ನಿರೀಕ್ಷೆ. ಆದ್ದರಿಂದ ‘ಆ ಕ್ಷಣದಲ್ಲಿ ಎಂಜಿನ್ ಪೂರ್ಣ ಬಲ ಕೊಡುತ್ತಿರಲಿಲ್ಲ’ ಎಂಬಷ್ಟಕ್ಕೆ ಸಾಕ್ಷಿಯಿದೆ.

ಅಲ್ಲಿಂದ ‘ಇಂಧನವೇ ಮುಗಿದಿತ್ತು’ ಎಂಬಲ್ಲಿಗೆ ಹಾರುವುದು ಸುಲಭ. ಡಿಸೆಂಬರಿನ ದೋಷ ನೆನಪಿನಲ್ಲಿ ಹಸಿಯಾಗಿರುವಾಗ ಆ ಹಾರಿಕೆ ಇನ್ನೂ ಸುಲಭ. 2001ರ ಮಾರ್ಚ್‌ನಲ್ಲಿ ದೋಣಿಯ ಅವಶೇಷವನ್ನು ಸರೋವರದ ತಳದಿಂದ ಎತ್ತಿದಾಗ ಎಂಜಿನ್ನಿನ ಇಂಧನ ಕೊಳವೆಗಳಲ್ಲಿ ಇಂಧನ ಉಳಿದಿತ್ತೆಂದು ವರದಿಯಾಯಿತು. ಇದು ಇಂಧನ ಸಂಪೂರ್ಣ ಬರಿದಾಗಿತ್ತು ಎಂಬ ಪಕ್ಷಕ್ಕೆ ಬಲವಾದ ಪೆಟ್ಟು. ಮೂತಿ ಎದ್ದಾಗ ಒಳಬರುವ ಗಾಳಿ ಕದಡಿ ಎಂಜಿನ್ ಆರಿರಬಹುದು ಎಂಬ ಪಕ್ಷವನ್ನಾಗಲಿ, ಹರಿವು ಕ್ಷಣಕಾಲ ತುಂಡಾಗಿರಬಹುದು ಎಂಬ ಪಕ್ಷವನ್ನಾಗಲಿ ಅದು ತಳ್ಳಿಹಾಕುವುದಿಲ್ಲ. ‘ಇಂಧನದ ಕೊರತೆ’ ಎಂಬ ಒಂದೇ ಹೆಸರಿನ ಕೆಳಗೆ ಮೂರು ನಾಲ್ಕು ಬೇರೆ ಬೇರೆ ಘಟನೆಗಳು ಅಡಗಿದ್ದವು. ಸಾಕ್ಷಿ ಅವುಗಳಲ್ಲಿ ಒಂದನ್ನು ಕೊಂದಿತು, ಉಳಿದವನ್ನು ಉಳಿಸಿತು. ಹಿಂತಿರುಗಿ ಓಡಿಸಿ ನೋಡಲಾಗದ ಕಡೆ ನಮ್ಮ ಅರಿವು ಇಷ್ಟಕ್ಕೆ ನಿಲ್ಲುತ್ತದೆ. ಇದನ್ನು ಸೋಲು ಎನ್ನಬಾರದು. ಪೂರ್ತಿ ತಿಳಿಯಲಿಲ್ಲ ಎಂಬುದಕ್ಕೂ ಏನೂ ತಿಳಿಯಲಿಲ್ಲ ಎಂಬುದಕ್ಕೂ ಅಪಾರ ಅಂತರವಿದೆ, ಮತ್ತು ಆ ಅಂತರವನ್ನು ಅಳೆಯಬಲ್ಲವನೇ ಪ್ರಾಮಾಣಿಕ. ಯಾವ ಪಕ್ಷ ಬಿದ್ದಿತು, ಯಾವುದು ನಿಂತಿದೆ, ನಿಂತದ್ದನ್ನು ಬೀಳಿಸಲು ಯಾವ ಕುರುಹು ಬೇಕಿತ್ತು ಎಂದು ಹೇಳಬಲ್ಲೆವಾದರೆ ಅದೂ ಜ್ಞಾನವೇ.

ಹೀಗೆ ಕಾರಣದ ಜಾಗ ಅರೆಬರೆ ಖಾಲಿ ಉಳಿದಾಗ ಮನುಷ್ಯ ಅಲ್ಲಿ ವಿಧಿಯನ್ನು ತಂದು ಕೂರಿಸುತ್ತಾನೆ. ಸಾವಿಗೆ ಸ್ವಲ್ಪ ಮುಂಚೆ ಎಲೆಯಾಟದಲ್ಲಿ ಕ್ಯಾಂಪ್‌ಬೆಲ್‌ಗೆ ಇಸ್ಪೀಟಿನ ಎಕ್ಕವೂ ರಾಣಿಯೂ ಬಂದವು, ಸ್ಕಾಟ್ಲೆಂಡಿನ ರಾಣಿ ಮೇರಿಗೂ ಶಿರಚ್ಛೇದಕ್ಕೆ ಮುಂಚೆ ಅವೇ ಬಂದಿದ್ದವೆಂದು ಅವರು ಅಪಶಕುನ ಕಂಡರು ಎಂಬ ಕತೆ ಪ್ರಸಿದ್ಧವಾಗಿದೆ. ಈ ಎರಡು ಎಲೆಗಳು ಒಟ್ಟಿಗೆ ಬಂದು ಸುಖವಾಗಿ ಬದುಕಿದವರನ್ನು ಯಾರೂ ಲೆಕ್ಕವಿಟ್ಟಿಲ್ಲ. ಅನ್ವಯವೂ ಇಲ್ಲದ, ವ್ಯತಿರೇಕವೂ ಇಲ್ಲದ ಈ ಜೋಡಣೆ ಕಾರಣವಾಗಲಾರದು. ನಮ್ಮ ದರ್ಶನಗಳೂ ‘ಅದೃಷ್ಟ’ ಎಂಬ ಕಾಣದ ಕಾರಣವನ್ನು ಒಪ್ಪಿವೆಯಲ್ಲ ಎಂದು ಆಸ್ತಿಕ ಓದುಗರು ಕೇಳಬಹುದು. ಒಪ್ಪಿವೆ. ವೈಶೇಷಿಕಸೂತ್ರ ಸೂಜಿ ಅಯಸ್ಕಾಂತದ ಕಡೆ ಸರಿಯುವುದಕ್ಕೂ ಮರದೊಳಗೆ ನೀರು ಮೇಲೇರುವುದಕ್ಕೂ ಅದೃಷ್ಟವನ್ನೇ ಕಾರಣ ಹೇಳಿತು. ಆ ಎರಡಕ್ಕೂ ಮುಂದೆ ದೃಷ್ಟಕಾರಣಗಳು ಸಿಕ್ಕವು. ಅದೃಷ್ಟ ಅಲ್ಲಿಂದ ಹಿಂದೆ ಸರಿಯಿತು. ಕಾಣುವ ಕಾರಣಗಳನ್ನು ಹುಡುಕಿ ದಣಿದ ಬಳಿಕ ಹೇಳುವ ಮಾತು ಅದು, ಹುಡುಕಾಟಕ್ಕೆ ಮುಂಚೆ ಹೇಳಿ ಹುಡುಕಾಟವನ್ನೇ ನಿಲ್ಲಿಸುವ ಮಾತಲ್ಲ. ದುಃಖದಲ್ಲಿರುವವರಿಗೆ ವಿಧಿ ಎಂಬ ಮಾತು ಸಾಂತ್ವನ ಕೊಡಬಹುದು, ಆ ಸಾಂತ್ವನವನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಮುಂದಿನ ದೋಣಿಗೆ ಹತ್ತುವವನ ಜೀವ ಉಳಿಯುವುದು ಆ ಮಾತಿನಿಂದಲ್ಲ. ಅಲೆ ತಗ್ಗಲು ಎಷ್ಟು ಹೊತ್ತು ಬೇಕು, ಮೂತಿ ಎಷ್ಟು ಡಿಗ್ರಿ ಎದ್ದರೆ ಹಿಂತಿರುಗದು, ಎಂಜಿನ್ ಆರಿದರೆ ಸಮತೋಲ ಹೇಗೆ ಬದಲಾಗುತ್ತದೆ ಎಂಬ ಅರಿವಿನಿಂದ ಉಳಿಯುತ್ತದೆ. ಆ ಅರಿವನ್ನು ಹುಡುಕುವುದು ಧರ್ಮಕ್ಕೆ ವಿರುದ್ಧವಲ್ಲ. ಇನ್ನೊಬ್ಬರ ಪ್ರಾಣದ ಹೊಣೆ ಹೊತ್ತವನಿಗೆ ಅದೇ ಧರ್ಮ.

ಆದ್ದರಿಂದ ನನ್ನ ವಿನಂತಿ ಮೆಕ್ಯಾನಿಕ್‌ಗಳಿಗಷ್ಟೇ ಸೀಮಿತವಲ್ಲ. ಪರಿಣಾಮವನ್ನು ಕಂಡು ಕಾರಣ ಹೇಳಬೇಕಾದ ವೈದ್ಯರಿಗೂ ನ್ಯಾಯಾಧೀಶರಿಗೂ ಊರಿನ ಕಷ್ಟಕ್ಕೆ ಕಾರಣ ಹುಡುಕುವ ಎಲ್ಲರಿಗೂ ಇದು ಸಲ್ಲುತ್ತದೆ. ಕುರುಹನ್ನು ಹೆಸರಿಸುವ ಮುಂಚೆ ಇನ್ನೊಮ್ಮೆ ಹತ್ತಿರದಿಂದ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಸಾಧ್ಯವಿದ್ದರೆ ಅದನ್ನು ಹಿಂತೆಗೆದು ದೋಷ ಮರಳುವುದೇ ಎಂದು ಪರೀಕ್ಷಿಸಿ. ಸಂಶಯ ಬಂದರೆ ಅದರ ಆಧಾರವನ್ನು ಹೇಳಿ, ಆಧಾರವಿಲ್ಲದಿದ್ದರೆ ಅದನ್ನು ಬಿಟ್ಟು ಮುಂದೆ ಸಾಗಿ. ಮರಳಿ ಪರೀಕ್ಷಿಸಲಾಗದ ಕಡೆ ಸಾಕ್ಷಿ ಎಷ್ಟು ದೂರ ಕರೆದೊಯ್ಯುತ್ತದೋ ಅಷ್ಟೇ ದೂರ ಹೋಗಿ ನಿಲ್ಲಿ. ದೋಷ ಹೋದಾಗ ‘ದೋಷ ಹೋಯಿತು’ ಎನ್ನಿ. ‘ಕಾರಣ ತಿಳಿಯಿತು’ ಎಂಬ ಮಾತನ್ನು ಅದಕ್ಕೆ ತಕ್ಕ ಸಾಕ್ಷಿ ಕೈಗೆ ಬಂದ ಮೇಲೆ ಮಾತ್ರ ಆಡಿ.